ಸೋಮವಾರದ ರಕ್ತ

ಮಕ್ಕಳಾಗದವರು ಬರುವ ಆ ಚಿಕಿತ್ಸಾ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡುವವಳನ್ನು ಎಲ್ಲರೂ ಎರಡುಸಲದಕ್ಕ ಎಂದೇ ಕರೆಯುತ್ತಿದ್ದರು. ಸೂಜಿ ಹಾಕಿ ರಕ್ತ ತೆಗೆಯುವುದು, ಅದನ್ನು ಯಂತ್ರಕ್ಕೆ ಉಣಿಸುವುದು, ಯಂತ್ರ ಹೇಳಿದ ಅಂಕಿಯನ್ನು ಬರೆದು ಕೆಳಗೆ ಸಹಿ ಹಾಕುವುದು, ಇಷ್ಟು ಅವಳ ಕೆಲಸ. ಆದರೆ ಯಾವ ಅಂಕಿಯನ್ನೂ ಅವಳು ಒಂದೇ ಸಲಕ್ಕೆ ನಂಬಿದವಳಲ್ಲ. ಸ್ವಲ್ಪ ಹೆಚ್ಚೋ ಕಡಿಮೆಯೋ ಕಂಡರೆ ಸಾಕು, 'ತಡೀರಿ, ಇನ್ನೊಂದ್ಸಲ ಹಾಕ್ತೀನಿ' ಎನ್ನುವಳು. ಬಾಗಿಲಿಗೆ ಬೀಗ ಹಾಕಿ ಎರಡು ಸಲ ಜಗ್ಗುವಳು. ಚಹಾಕ್ಕೆ ಸಕ್ಕರೆ ಹಾಕಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಎರಡು ಸಲ ಹಾಕಿಕೊಂಡು ಮುಖ ಕಿವುಚುವಳು. ನರ್ಸುಗಳು ಗೇಲಿ ಮಾಡಿದರೆ, 'ನಗ್ರೇ, ನಗ್ರಿ. ನಿಮ್ಮ ಹಲ್ಲು ಕಾಣೋದ್ರಿಂದ ಯಾರಿಗೂ ನಷ್ಟ ಇಲ್ಲ' ಎಂದು ತನ್ನ ಪಾಡಿಗೆ ತಾನು ಟ್ಯೂಬಿನ ಮೇಲಿನ ಚೀಟಿಯನ್ನು ಮತ್ತೊಮ್ಮೆ ಓದುವಳು. ಇಪ್ಪತ್ತೆರಡು ವರ್ಷದಲ್ಲಿ ಅವಳ ಸಹಿ ಬಿದ್ದ ಒಂದೇ ಒಂದು ಕಾಗದವೂ ವಾಪಸ್ಸು ಬಂದಿರಲಿಲ್ಲ. ಆ ಹೆಮ್ಮೆ ಅವಳಿಗೆ ಒಳಗೊಳಗೇ ಇತ್ತು, ಇರಬಾರದೆಂದು ಹೇಳಲು ನಾವು ಯಾರು.

ಹೆಂಗಸರ ಅಂಡಾಶಯದೊಳಗೆ ಏನು ನಡೆಯುತ್ತದೆ ಎಂಬುದು ಅವಳಿಗೆ ತನ್ನ ಅಡುಗೆಮನೆಯಷ್ಟೇ ಪರಿಚಯ. ಹೆದರಿ ಬಂದು ಕೂತವರಿಗೆ ಅವಳು ವಿವರಿಸುತ್ತಿದ್ದದ್ದೂ ಹಾಗೆಯೇ. 'ನೋಡಮ್ಮ, ಮೊಟ್ಟೆ ಸುತ್ತ ಸಣ್ಣ ಸಣ್ಣ ಜೀವಕೋಶಗಳಿರ್ತವೆ. ಅವೇ ಅಡುಗೆಯೋರು ಅಂತಿಟ್ಕೊ. ತಲೆಯಿಂದ ಆರ್ಡರ್ ಬಂದ್ರೆ ಒಲೆ ಹಚ್ಚಿ ಒಂದು ಹಾರ್ಮೋನ್ ತಯಾರು ಮಾಡ್ತಾರೆ. ನಾವು ಕೊಡೋ ಇಂಜೆಕ್ಷನ್ ಅಂದ್ರೆ ಆರ್ಡರ್ ಮೇಲೆ ಆರ್ಡರ್. ಒಬ್ಬರಿಗೆ ಮಾಡೋ ಕಡೆ ಹತ್ತು ಜನಕ್ಕೆ ಮಾಡಿ ಅಂತ ಗದರಿಸೋದು. ಮೊಟ್ಟೆ ಹೊರಗೆ ಹೋದ್ಮೇಲೆ ಅದೇ ಅಡುಗೆಯೋರು ಹಳದಿಗೆ ತಿರುಗಿ ಇನ್ನೊಂದು ಹಾರ್ಮೋನ್ ಮಾಡ್ತಾರೆ. ಗರ್ಭ ನಿಲ್ಲಿಸೋದು ಆ ಎರಡನೇದು.' ಕೇಳಿದವರು ತಲೆದೂಗುತ್ತಿದ್ದರು. ಡಾಕ್ಟರು ಅರ್ಧ ಗಂಟೆ ಹೇಳಿದರೂ ತಲೆಗೆ ಹೋಗದ್ದು ಇವಳ ಎರಡು ಮಾತಿಗೆ ಹೋಗುತ್ತಿತ್ತು.

ರಕ್ತ ತೆಗೆಯುವ ಮುಂಚೆ ತುಂಬಿಸಬೇಕಾದ ಹಾಳೆಯೊಂದಿತ್ತು, ಹತ್ತು ಪ್ರಶ್ನೆಗಳದ್ದು. ಏಳನೆಯದನ್ನು ಸೇರಿಸಿದವಳು ಅಕ್ಕನೇ. 'ಕೂದಲಿಗೆ, ಉಗುರಿಗೆ, ಚರ್ಮಕ್ಕೆ ಎಂದು ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?' ಬಂದವರೆಲ್ಲ ಈ ಪ್ರಶ್ನೆಗೆ ನಗುತ್ತಿದ್ದರು. 'ಮಗು ಆಗ್ಲಿ ಅಂತ ಬಂದ್ರೆ ಕೂದ್ಲು ವಿಚಾರಿಸ್ತೀರಲ್ಲ!' ಎನ್ನುತ್ತಿದ್ದರು. ಅಕ್ಕ ನಗುತ್ತಿರಲಿಲ್ಲ. ಆ ಮಾತ್ರೆಗಳಲ್ಲಿ ಬಯೋಟಿನ್ ಎಂಬ ವಿಟಮಿನ್ ಇರುತ್ತದೆ. ಮೈಗೆ ಅದು ಏನೂ ಮಾಡುವುದಿಲ್ಲ, ಪಾಪದ್ದು. ಆದರೆ ಇವರ ಯಂತ್ರ ರಕ್ತದಲ್ಲಿರುವ ಹಾರ್ಮೋನನ್ನು ಹಿಡಿದು ಅಂಟಿಸಿಕೊಳ್ಳುವುದೇ ಅದೇ ಬಯೋಟಿನ್ನಿನ ಅಂಟಿನಿಂದ. ರಕ್ತದ ತುಂಬ ಹೊರಗಿನ ಬಯೋಟಿನ್ ಇದ್ದರೆ ಅದೇ ಬಂದು ಹಾರ್ಮೋನಿಗೆಂದು ಹಾಕಿಟ್ಟ ಕುರ್ಚಿಗಳಲ್ಲೆಲ್ಲ ಕೂತುಬಿಡುತ್ತದೆ. ಬರಬೇಕಾದವರು ಬಾಗಿಲಲ್ಲೇ ನಿಲ್ಲುತ್ತಾರೆ. ಯಂತ್ರ ಒಳಗೆ ನೋಡಿ, ಯಾರೂ ಬಂದಿಲ್ಲ ಎಂದು ಬರೆಯುತ್ತದೆ. ಆ ಪ್ರಶ್ನೆಗೆ ಹೌದು ಎಂದವರನ್ನು ಅಕ್ಕ ಮುಲಾಜಿಲ್ಲದೆ ವಾಪಸ್ಸು ಕಳಿಸುತ್ತಿದ್ದಳು, 'ಮೂರು ದಿನ ಬಿಟ್ಟು ಬನ್ನಿ.'

ಅವಳಿಗೆ ಒಬ್ಬಳೇ ತಂಗಿ. ಐದು ವರ್ಷ ಚಿಕ್ಕವಳು, ಈಗ ನಲವತ್ತೊಂದು. ಅಮ್ಮ ಬೇಗ ಹೋಗಿದ್ದರಿಂದ ತಂಗಿಯ ತಲೆ ಬಾಚಿದವಳು, ಶಾಲೆಯ ಚೀಲ ತುಂಬಿದವಳು, ಜ್ವರಕ್ಕೆ ಕಹಿ ಔಷಧಿ ಕುಡಿಸಿದವಳು ಎಲ್ಲ ಅಕ್ಕನೇ. ಮೂಗು ಹಿಡಿದು 'ನುಂಗು' ಎಂದರೆ ತಂಗಿ ನುಂಗುತ್ತಿದ್ದಳು. ದೊಡ್ಡವಳಾಗಿ, ಕನ್ನಡಕದ ಅಂಗಡಿಯವನನ್ನು ಮದುವೆಯಾಗಿ, ಹನ್ನೆರಡು ವರ್ಷ ಕಳೆದ ಮೇಲೂ ಆ ಅಭ್ಯಾಸ ಹೋಗಿರಲಿಲ್ಲ. ಮಗುವಿಗಾಗಿ ತಂಗಿ ಈ ಕೇಂದ್ರಕ್ಕೆ ಬಂದದ್ದು, ಐದು ವರ್ಷದಲ್ಲಿ ಐದು ಸಲ ಈ ಚಿಕಿತ್ಸೆಯ ಬಾಯಿಗೆ ತಲೆ ಕೊಟ್ಟದ್ದು, ಎಲ್ಲ ಅಕ್ಕ ಇದ್ದಾಳೆ ಎಂಬ ಒಂದೇ ಧೈರ್ಯದಿಂದ.

ಐದು ಸಲವೆಂದರೆ ಸುಮ್ಮನೆ ಅಲ್ಲ. ಹೊಟ್ಟೆಯ ಮೇಲೆ ಸೂಜಿ ಚುಚ್ಚಿಸಿಕೊಳ್ಳಲು ಜಾಗವಿಲ್ಲದಷ್ಟು ನೀಲಿ ಕಲೆ. ಎರಡನೆಯ ಸಲ ತಂಗಿ ತಡೆಯಲಾರದೆ ಔಷಧಿ ಅಂಗಡಿಯಿಂದ ಪರೀಕ್ಷೆಯ ಕಾರ್ಡು ತಂದು ಮನೆಯಲ್ಲೇ ನೋಡಿಕೊಂಡಿದ್ದಳು. ಎರಡು ಗೆರೆ! ಗಂಡ ಅಂಗಡಿ ಮುಚ್ಚಿ ಬಂದು ಒಂದೇ ದಿನದಲ್ಲಿ ಚಿಕ್ಕ ಕೋಣೆಗೆ ಹಳದಿ ಬಣ್ಣ ಬಳಿದಿದ್ದ. ಆಮೇಲೆ ಅಕ್ಕ ಬಂದು ಹೇಳಬೇಕಾಯಿತು: ಮೊಟ್ಟೆ ಬಲಿಯಲಿ ಎಂದು ಕೊನೆಯಲ್ಲಿ ಕೊಟ್ಟ ಇಂಜೆಕ್ಷನ್ನೂ ಗರ್ಭದ ಹಾರ್ಮೋನೂ ಒಂದೇ, ಕಾರ್ಡು ಹಿಡಿದದ್ದು ಇಂಜೆಕ್ಷನ್ನನ್ನು. ಆ ದಿನ ಆ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. 'ಇನ್ನು ಜನ್ಮದಲ್ಲಿ ಆ ಕಾರ್ಡು ಮುಟ್ಬೇಡ. ನಾನು ಹೇಳಿದ್ರೆ ಮಾತ್ರ ನಂಬು' ಎಂದು ಅಕ್ಕ ಆಣೆ ಮಾಡಿಸಿಕೊಂಡಳು. ತಂಗಿ ಮಾಡಿದಳು.

ನಾಲ್ಕನೆಯ ಸಲದ ಹೊತ್ತಿಗೆ ಎಷ್ಟು ಗದರಿಸಿದರೂ ಒಲೆ ಹತ್ತುತ್ತಿರಲಿಲ್ಲ. ಡಬ್ಬಿಗಟ್ಟಲೆ ಇಂಜೆಕ್ಷನ್ನಿಗೆ ಮೂರು ಮೊಟ್ಟೆ, ಮೂರರಲ್ಲಿ ಭ್ರೂಣವಾದದ್ದು ಎರಡು. ಒಂದನ್ನು ಆಗಲೇ ಇಟ್ಟರು, ನಿಲ್ಲಲಿಲ್ಲ. ಇನ್ನೊಂದನ್ನು ಹೆಪ್ಪುಗಟ್ಟಿಸಿ ಇಟ್ಟುಕೊಂಡರು. 'ಇದಾದ್ಮೇಲೆ ಇನ್ನಿಲ್ಲ. ಅಂಡಾಶಯ ಕೈ ಚೆಲ್ಲಿದೆ' ಎಂದು ಡಾಕ್ಟರಮ್ಮ ನೇರವಾಗಿ ಹೇಳಿದರು. ಅದೇ ಸಮಯಕ್ಕೆ ತಂಗಿಯ ಕೂದಲೂ ಹಿಡಿಹಿಡಿ ಉದುರಲು ಶುರುವಾಯಿತು. ಬಚ್ಚಲಿನ ಜಾಲರಿಯ ಮೇಲಿನ ಮುದ್ದೆ ತೋರಿಸಿ ಅವಳು ಅತ್ತಾಗ ಅಕ್ಕ ಒಂದು ತಿಂಗಳಿಗಾಗುವಷ್ಟು ಮಾತ್ರೆ ತಂದುಕೊಟ್ಟಳು. ಹೌದು, ಅದೇ ಮಾತ್ರೆ. ಪರೀಕ್ಷೆಗೆ ಇನ್ನೂ ಐದಾರು ತಿಂಗಳಿತ್ತು. ತಿಂಗಳಿಗೆ ಡಬ್ಬಿ ಖಾಲಿಯಾಗುತ್ತದೆ, ಅಲ್ಲಿಗೆ ಮುಗಿಯಿತು ಎಂದುಕೊಂಡಳು. ಅಕ್ಕರೆಯಿಂದ ಕೊಟ್ಟದ್ದನ್ನು ಯಾರಾದರೂ ನೆನಪಿಟ್ಟುಕೊಂಡು ಹಿಂದೆ ಬೀಳುತ್ತಾರೆಯೇ.

ಐದನೆಯ ಸಲ ಕೊನೆಯ ಭ್ರೂಣವನ್ನು ಇಡುವ ಮುಂಚೆ ಅಂಡಾಶಯವನ್ನು ಔಷಧಿ ಕೊಟ್ಟು ಪೂರ್ತಿ ಮಲಗಿಸಿದರು. ದಿನದ ಲೆಕ್ಕ ತಪ್ಪಬಾರದು ಎಂದು ಹಾಗೆ ಮಾಡುತ್ತಾರೆ. ಅಕ್ಕ ತಂಗಿಗೆ ಬಿಡಿಸಿ ಹೇಳಿದ್ದಳು. 'ಈ ಸಲ ನಿನ್ನ ಅಡುಗೆಯೋರೆಲ್ಲ ನಿದ್ದೆ ಕಣೆ. ಒಂದು ಕೋಶಾನೂ ಒಂದು ತೊಟ್ಟು ಹಾರ್ಮೋನ್ ಮಾಡ್ತಿಲ್ಲ. ಊಟ ಪೂರ್ತಿ ಹೊರಗಿಂದ. ಬೆಳಿಗ್ಗೆ ಸೂಜಿ, ದಿನಕ್ಕೆ ಮೂರು ಮಾತ್ರೆ. ಒಂದು ಹೊತ್ತೂ ತಪ್ಪಿಸ್ಬೇಡ. ಅದು ನಿಂತ್ರೆ ಒಳಗಿರೋದು ಉಪವಾಸ.' ಭ್ರೂಣ ಇಟ್ಟ ಮೇಲೆ ತಂಗಿ ಹದಿನಾಲ್ಕು ದಿನ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಮಾತ್ರೆ ತೆಗೆದುಕೊಂಡಳು.

ಹದಿನೈದನೆಯ ದಿನ ಸೋಮವಾರ. ಬೆಳಿಗ್ಗೆ ಎಂಟಕ್ಕೆಲ್ಲ ತಂಗಿ ಬಂದು ಕುರ್ಚಿಯಲ್ಲಿ ಕೂತು ತೋಳು ಚಾಚಿದಳು. ಮುಖ ಬಿಳಿಚಿತ್ತು. ಮಾತಾಡಿಸಿದರೆ ಅತ್ತೇಬಿಡುವ ಹಾಗಿದ್ದಳು. ಅಕ್ಕ ಮಾತಾಡಿಸಲಿಲ್ಲ. ಹತ್ತು ಪ್ರಶ್ನೆಯ ಹಾಳೆಯನ್ನು ತಾನೇ ಎಳೆದುಕೊಂಡು, ಇವಳ ಬಗ್ಗೆ ನನಗೆ ಗೊತ್ತಿಲ್ಲದ್ದು ಏನಿದೆ ಎಂದು, ಸರಸರ ಗುರುತು ಹಾಕಿದಳು. ಸಕ್ಕರೆ ಕಾಯಿಲೆ, ಇಲ್ಲ. ಥೈರಾಯಿಡ್, ಇಲ್ಲ. ಏಳನೆಯದು, ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ಸಾವಿರಾರು ಜನರನ್ನು ಕೇಳಿದ ಪ್ರಶ್ನೆಯನ್ನು ಅವಳು ಒಬ್ಬಳನ್ನು ಮಾತ್ರ ಕೇಳಲಿಲ್ಲ. ಕೇಳದೆ ಬಿಟ್ಟದ್ದು ಸ್ವಂತ ತಂಗಿಯನ್ನು.

ಯಂತ್ರ ಹದಿನೆಂಟು ನಿಮಿಷ ತೆಗೆದುಕೊಂಡಿತು. ಗರ್ಭದ ಹಾರ್ಮೋನು ಎರಡಕ್ಕಿಂತ ಕಡಿಮೆ, ಎಂದರೆ ಏನೂ ಇಲ್ಲ. ಅಕ್ಕ ಟ್ಯೂಬಿನ ಮೇಲಿನ ಚೀಟಿ ಮತ್ತೆ ಓದಿದಳು. ಇನ್ನೊಂದು ಸಲ ಹಾಕಿದಳು. ಮತ್ತೆ ಹದಿನೆಂಟು ನಿಮಿಷ, ಮತ್ತೆ ಅದೇ ಅಂಕಿ. ಅದೇ ರಕ್ತ, ಅದೇ ಯಂತ್ರ, ಸಾವಿರ ಸಲ ಹಾಕಿದರೂ ಅದೇ ಬರುತ್ತಿತ್ತು ಎಂದು ಆಗ ಅವಳಿಗೆ ಹೊಳೆಯಲಿಲ್ಲ. ಡಾಕ್ಟರಮ್ಮ ಕಾಗದ ನೋಡಿ ಕನ್ನಡಕ ತೆಗೆದಿಟ್ಟರು. 'ಔಷಧಿ ನಿಲ್ಲಿಸಿ. ನೀವೇ ಹೇಳ್ತೀರಾ, ನಾನು ಹೇಳ್ಲಾ?' ಎಂದು ಕೇಳಿದರು. ತಾನೇ ಹೇಳುತ್ತೇನೆಂದು ಅಕ್ಕ ಹೊರಗಿನ ಮೆಟ್ಟಿಲ ಮೇಲೆ ಕೂತು ಫೋನು ಮಾಡಿದಳು.

'ಇಲ್ಲ ಕಣೆ ಪುಟ್ಟಿ' ಎಂದಳು. ಅಷ್ಟೇ ಸಾಕಾಯಿತು.

ಆಚೆ ಕಡೆ ತಂಗಿ, ಮೂಗೇರಿಸುತ್ತ, 'ಮಧ್ಯಾಹ್ನದ ಮಾತ್ರೆ ಇನ್ನೂ ತೊಗೊಂಡಿಲ್ಲ ಅಕ್ಕ. ತೊಗೊಳ್ಲಾ?' ಎಂದು ಕೇಳಿದಳು.

'ಬೇಡ. ಸಾಕು.'

'ಇನ್ನೆರಡು ದಿನ ನೋಡೋಣ್ವಾ? ಒಬ್ಬೊಬ್ಬರಿಗೆ ತಡವಾಗಿ ಗೊತ್ತಾಗತ್ತಂತೆ.'

'ಎರಡ್ಸಲ ನೋಡಿದ್ದೀನಿ ಕಣೆ. ನಿನ್ನ ಮೈ ನೋಡು, ಜರಡಿ ಆಗಿದೆ. ಆ ಹಾಳು ಸೂಜಿ, ಮಾತ್ರೆ ಎಲ್ಲ ಎತ್ತಿಟ್ಟು ಚೆನ್ನಾಗಿ ನಿದ್ದೆ ಮಾಡು. ನಾನ್ ಹೇಳ್ತಿದ್ದೀನಲ್ಲ.'

'ಸರಿ' ಎಂದಳು ತಂಗಿ. ಅಕ್ಕ ಮೆಟ್ಟಿಲ ಮೇಲೇ ಕೂತು ಅತ್ತಳು. ತಂಗಿಗೆ ಇನ್ನು ಸೂಜಿಯ ನೋವಿಲ್ಲವಲ್ಲ ಎಂಬ ಸಣ್ಣದೊಂದು ಸಮಾಧಾನವೂ ಆ ಅಳುವಿನಲ್ಲಿತ್ತು.

ಗುರುವಾರ ತಂಗಿಗೆ ಮುಟ್ಟಾಯಿತು. ಯಾವತ್ತಿಗಿಂತ ಜಾಸ್ತಿ, ಹೊಟ್ಟೆ ಹಿಂಡುವಂಥದ್ದು. ಔಷಧಿ ನಿಲ್ಲಿಸಿದರೆ ಹಾಗೇ ಆಗುವುದು ಎಂದು ಅಕ್ಕ ಫೋನಿನಲ್ಲಿ ಸಮಾಧಾನ ಹೇಳಿದಳು. ಶನಿವಾರ ಕೆಲಸ ಬೇಗ ಮುಗಿಸಿ ನೋಡಿಕೊಂಡು ಬರಲು ಹೋದಳು.

ತಂಗಿ ಕಿಟಕಿಯ ಹತ್ತಿರ ಕೂತು ಕೂದಲು ಒಣಗಿಸಿಕೊಳ್ಳುತ್ತಿದ್ದಳು. ಬೆಳಕಿಗೆ ಬೆನ್ನು ಮಾಡಿ ಕೂತಿದ್ದರಿಂದಲೋ ಏನೋ, ಆ ಕೂದಲು ಅಕ್ಕನ ಕಣ್ಣಿಗೆ ಅವತ್ತು ಮೊದಲ ಸಲ ಬಿತ್ತು. ಸೊಂಪಾಗಿ ಬೆನ್ನು ತುಂಬಿತ್ತು.

'ಎಷ್ಟು ಚೆನ್ನಾಗಿ ಬಂದಿದೆಯಲ್ಲೇ!' ಎಂದಳು.

'ನೀನ್ ಕೊಟ್ಟ ಮಾತ್ರೆ ಅಕ್ಕ. ಈ ಮೈಗೆ ಹಿಡಿಸಿದ ಔಷಧಿ ಅಂದ್ರೆ ಅದೊಂದೇ ನೋಡು' ಎಂದು ತಂಗಿ ಸಪ್ಪಗೆ ನಕ್ಕಳು. 'ಅದು ಮುಗಿದ್ಮೇಲೆ ಇವರಿಗೆ ಹೇಳಿ ಅದ್ರದ್ದೇ ಜೋರಿನದು ತರಿಸ್ಕೊಂಡೆ. ಬೆಳಿಗ್ಗೆ ಎದ್ದ ತಕ್ಷಣ ಎರಡು.'

ಅಕ್ಕ ಬಚ್ಚಲುಮನೆಗೆ ಹೋಗಿ ನೋಡಿದಳು. ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಡಬ್ಬಿ ಇತ್ತು, ಅರ್ಧ ಖಾಲಿ. ತಾನು ಕೊಟ್ಟದ್ದಕ್ಕಿಂತ ಎರಡು ಪಟ್ಟು ಪ್ರಮಾಣದ್ದು. ಬೆಳಿಗ್ಗೆ ಎರಡೆಂದರೆ ನಾಲ್ಕು ಪಟ್ಟು. ನಲ್ಲಿ ತಿರುಗಿಸಿ ನೀರು ಬಿಟ್ಟುಕೊಂಡು ನಿಂತಳು, ಹೊರಗೆ ಸದ್ದು ಕೇಳಬಾರದೆಂದು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಂದವಳು ಏಳಕ್ಕೆ ಇದನ್ನು ನುಂಗಿಯೇ ಬಂದಿದ್ದಾಳೆ. ಕುರ್ಚಿಗಳೆಲ್ಲ ತುಂಬಿದ್ದವು. ಗರ್ಭ ಇದ್ದಿದ್ದರೂ ಯಂತ್ರಕ್ಕೆ ಕಾಣುತ್ತಿರಲಿಲ್ಲ.

ಮುಖ ತೊಳೆದುಕೊಂಡು ಬಂದು, 'ಫೈಲು ಮುಚ್ಚೋಕೆ ಇನ್ನೊಂದು ರಕ್ತ ಬೇಕಂತೆ ಕಣೆ' ಎಂದು ಸುಳ್ಳು ಹೇಳಿದಳು. ಸೂಜಿ, ಟ್ಯೂಬು ಯಾವಾಗಲೂ ಅವಳ ಚೀಲದಲ್ಲೇ ಇರುತ್ತಿದ್ದವು. ತಂಗಿ ಯಾಕೆ ಏನು ಎನ್ನದೆ ತೋಳು ಚಾಚಿದಳು.

ಪ್ರಯೋಗಾಲಯದಲ್ಲಿ ಯಾರೂ ಇರಲಿಲ್ಲ. ಪರೀಕ್ಷೆ ಮಾಡಿ ಉಳಿದ ರಕ್ತದ ತಿಳಿಯನ್ನು ಏಳು ದಿನ ಫ್ರಿಜ್ಜಿನಲ್ಲಿ ಇಟ್ಟು ಆಮೇಲೆ ಎಸೆಯುವುದು ಅಲ್ಲಿಯ ಪದ್ಧತಿ. ಸೋಮವಾರದ ಟ್ಯೂಬು ಮೂರನೆಯ ಸಾಲಿನಲ್ಲಿ ತಣ್ಣಗೆ ಕೂತಿತ್ತು. ಯಂತ್ರವನ್ನು ಅವಳು ಮುಟ್ಟಲಿಲ್ಲ. ತಂಗಿಗೆ ಮುಟ್ಟಬೇಡ ಎಂದು ಆಣೆ ಹಾಕಿಸಿದ ಆ ಎರಡು ಗೆರೆಯ ಕಾರ್ಡುಗಳ ಡಬ್ಬಿ ಕಪಾಟಿನಲ್ಲಿತ್ತು. ಆ ಕಾರ್ಡಿನ ಕೆಲಸ ಬೇರೆ ಥರ, ಅದಕ್ಕೆ ಬಯೋಟಿನ್ನಿನ ಅಂಟು ಬೇಕಿಲ್ಲ. ಎರಡು ಕಾರ್ಡು ಬಿಚ್ಚಿ ಪಕ್ಕಪಕ್ಕ ಇಟ್ಟಳು. ಒಂದರ ಮೇಲೆ ಸೋಮವಾರ ಎಂದು ಬರೆದಳು, ಇನ್ನೊಂದರ ಮೇಲೆ ಶನಿವಾರ ಎಂದು. ಮೂರು ಮೂರು ತೊಟ್ಟು ಹಾಕಿ ಕೈ ಕಟ್ಟಿ ನಿಂತಳು.

ಸೋಮವಾರದ್ದರಲ್ಲಿ ಎರಡನೆಯ ಗೆರೆ ಬರಲು ಒಂದು ನಿಮಿಷವೂ ಹಿಡಿಯಲಿಲ್ಲ. ಮಸುಕಾಗಿಯೂ ಬರಲಿಲ್ಲ. ದಪ್ಪಗೆ, ಕೆಂಪಗೆ, ಕುರುಡರಿಗೂ ಕಾಣುವಂತೆ ಬಂತು. ಈ ಸಲ ಕೊನೆಗೆ ಆ ಮೋಸದ ಇಂಜೆಕ್ಷನ್ ಕೊಟ್ಟಿರಲಿಲ್ಲ. ಇದು ಬೇರೆ ಏನೂ ಆಗಲು ಸಾಧ್ಯವಿರಲಿಲ್ಲ.

ಒಂದು ಕ್ಷಣ ಅಕ್ಕನಿಗೆ ಹುಚ್ಚು ಸಂತೋಷವಾಯಿತು. ಇದೆ! ಇನ್ನೂ ಇದ್ದರೂ ಇರಬಹುದು! ಈಗಲೇ ಓಡಿ ಹೋಗಿ ಸೂಜಿ ಕೊಟ್ಟರೆ? ರಕ್ತ ಹೋದವರಿಗೂ ಒಬ್ಬೊಬ್ಬರಿಗೆ ಉಳಿದಿದೆ, ತಾನೇ ಕಣ್ಣಾರೆ ಕಂಡಿದ್ದಾಳೆ. ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಹೋದಳು. ಅಲ್ಲಿಂದ ತಿರುಗಿ ಶನಿವಾರದ ಕಾರ್ಡು ನೋಡಿದಳು. ಒಂದೇ ಗೆರೆ. ಐದು ನಿಮಿಷ ಕಾದಳು, ಹತ್ತು ನಿಮಿಷ ಕಾದಳು. ದೀಪದ ಕೆಳಗೆ ಹಿಡಿದು, ಓರೆ ಮಾಡಿ, ಕನ್ನಡಕ ಹಾಕಿ, ಕನ್ನಡಕ ತೆಗೆದು ನೋಡಿದಳು. ಇನ್ನೊಂದು ಕಾರ್ಡು ಬಿಚ್ಚಿ ಮತ್ತೆ ಹಾಕಿದಳು. ಒಂದೇ ಗೆರೆ. ಸೋಮವಾರ ಇದ್ದದ್ದು ಶನಿವಾರ ಇರಲಿಲ್ಲ. ನಡುವೆ ನಡೆದದ್ದು ಅವಳ ಒಂದು ಫೋನು.

ಅಂಡಾಶಯದ ಒಲೆ ಆರಿಸಿ, ಊಟ ನಾವೇ ಕೊಡುತ್ತೇವೆ ಎಂದು ನಂಬಿಸಿ, ಉಣ್ಣಲು ಬಂದು ಕೂತವರ ಮುಂದಿನಿಂದ ತಟ್ಟೆ ಎಳೆದುಕೊಂಡ ಹಾಗಾಯಿತು. ಬೇರೆಯವರು ಎಳೆದುಕೊಂಡಿದ್ದರೆ ಅಕ್ಕ ಅವರ ಕೊರಳಪಟ್ಟಿ ಹಿಡಿಯುತ್ತಿದ್ದಳು. ಈಗ ಯಾರದ್ದು ಹಿಡಿಯುವುದು? ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ಎದ್ದು, ಕಾರ್ಡುಗಳನ್ನು ಡಾಕ್ಟರಮ್ಮನ ಹತ್ತಿರ ಒಯ್ದಳು.

ಡಾಕ್ಟರಮ್ಮ ಮನೆಗೆ ಹೊರಟಿದ್ದವರು ಎರಡು ಕಾರ್ಡು ನೋಡಿ ಚೀಲ ಕೆಳಗಿಟ್ಟರು. ಹಾಳೆಯನ್ನು ತರಿಸಿಕೊಂಡು ಏಳನೆಯ ಪ್ರಶ್ನೆಯ ಮೇಲೆ ಬೆರಳಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

'ಯಾರಿಗೆ ಗೊತ್ತು ಇದು?' ಎಂದರು ಕೊನೆಗೆ.

'ನಿಮಗೆ, ನನಗೆ.'

'ಅವರು ಒಂದು ಸಲ ಅತ್ತು ಮುಗಿಸಿದ್ದಾರೆ. ಇದನ್ನ ಹೇಳಿ ಇನ್ನೊಂದ್ಸಲ ಅಳಿಸ್ತೀರಾ? ಹೇಳಿದ್ರೆ ಮಗು ವಾಪಸ್ ಬರಲ್ಲ. ಭ್ರೂಣನೂ ಇನ್ನಿಲ್ಲ, ಮತ್ತೆ ಮಾಡೋಣ ಅನ್ನೋಕೆ. ಅಕ್ಕನೂ ಇಲ್ಲ ಅಂತ ಆಗತ್ತೆ, ಅಷ್ಟೇ.' ಸ್ವಲ್ಪ ತಡೆದು, 'ಸೋಮವಾರ ಆ ಟ್ಯೂಬು ಕಸದ ಹಳದಿ ಚೀಲಕ್ಕೆ ಹೋಗತ್ತೆ. ಹೋಗ್ಲಿ ಬಿಡಿ' ಎಂದರು. ಕೆಟ್ಟ ಹೆಂಗಸಲ್ಲ ಆಕೆ. ಹೇಳಿದ್ದರಲ್ಲಿ ತನ್ನ ಹೆಸರು ಉಳಿಸಿಕೊಳ್ಳುವ ಆಸೆ ಎಷ್ಟಿತ್ತು, ಕನಿಕರ ಎಷ್ಟಿತ್ತು ಎಂದು ಬಿಡಿಸಿ ನೋಡುವುದು ಅವರಿಗೇ ಕಷ್ಟವಿತ್ತು.

ಅಕ್ಕ ತಲೆಯಾಡಿಸಿ ಹೊರಬಿದ್ದಳು. ಹೇಳುವುದಿಲ್ಲ ಎಂದೇ ನಿಶ್ಚಯ ಮಾಡಿಕೊಂಡಳು. ಬಾಯಿಗೆ ಬೀಗ ಹಾಕಿಕೊಂಡರೆ ತಂಗಿಯಾದರೂ ಉಳಿಯುತ್ತಾಳೆ. ಸಾಯುವ ತನಕ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕುವುದು ತನಗೆ ತಕ್ಕ ಶಿಕ್ಷೆ. ಹೀಗೆಲ್ಲ ಅಂದುಕೊಳ್ಳುತ್ತಲೇ, ಸಂಜೆ ಆರಕ್ಕೆ, ತನ್ನ ಮನೆಗೆ ಹೋಗುವ ಬದಲು ಮತ್ತೆ ತಂಗಿಯ ಮನೆಯ ಬಾಗಿಲಲ್ಲಿ ನಿಂತಿದ್ದಳು. ಕಾಲು ಕರೆದುಕೊಂಡು ಬಂದಿತ್ತು.

ತಂಗಿ ಚಹಾ ಮಾಡಿ ತಂದಳು. ಒಳಗಿನ ಕೋಣೆಯಲ್ಲಿ ಅವಳ ಗಂಡ ಯಾರದ್ದೋ ಕನ್ನಡಕಕ್ಕೆ ಗಾಜು ಕೂರಿಸುತ್ತಿದ್ದ. ಗಾಜು ಉಜ್ಜುವ ಸಣ್ಣ ಸದ್ದು ಕೇಳುತ್ತಿತ್ತು.

'ನಾನೊಂದು ಮಾತು ಹೇಳ್ಬೇಕು ಅಂತಿದ್ದೆ ಅಕ್ಕ' ಎಂದಳು ತಂಗಿ. 'ನೀನು ಇಲ್ದೇ ಇದ್ದಿದ್ರೆ ನಾನು ಇದನ್ನ ಐದು ಸಲ ತಡೀತಿರ್ಲಿಲ್ಲ. ಎಲ್ಲಾರೂ ಪ್ರಯತ್ನ ಮಾಡಿದ್ರಿ. ನಂದೇ ತಪ್ಪು. ಈ ಮೈಯೇ ಬರಡು. ಎಷ್ಟು ಕೊಟ್ರೂ ಒಂದ್ಸಲ, ಒಂದೇ ಒಂದ್ಸಲ, ಏನೂ ಹಿಡ್ಕೊಳ್ಳಲಿಲ್ಲ ಇದು. ಇವರನ್ನ ನೋಡಿದ್ರೆ ನಾಚ್ಕೆ ಆಗತ್ತೆ.'

ಇದನ್ನು ಕೇಳಿಕೊಂಡು ಚಹಾ ಕುಡಿಯಲು ಅಕ್ಕನಿಂದ ಆಗಲಿಲ್ಲ. ತಂಗಿಯ ಮೇಲಿನ ಸುಳ್ಳು ಆರೋಪ ಇಳಿಸಬೇಕೆಂದು ಹೇಳಿದಳೋ, ತನ್ನ ಎದೆಯ ಭಾರ ಇಳಿಸಿಕೊಳ್ಳಲು ಹೇಳಿದಳೋ, ನಮಗೂ ಗೊತ್ತಿಲ್ಲ. ಅವಳಿಗೂ ಗೊತ್ತಿರಲಿಲ್ಲ. ಹೇಳಿಬಿಟ್ಟಳು.

'ನಿನ್ನ ಮೈ ಬರಡಲ್ಲ ಕಣೆ. ಸೋಮವಾರ ನಿಂಗೆ ಗರ್ಭ ನಿಂತಿತ್ತು. ಯಂತ್ರ ತಪ್ಪು ಹೇಳ್ತು.'

ತಂಗಿ ಲೋಟ ಹಿಡಿದುಕೊಂಡೇ ಅಕ್ಕನ ಮುಖ ನೋಡಿದಳು. 'ಏನಂದೆ?'

'ಆ ಕೂದಲು ಮಾತ್ರೆಯಿಂದ ಹಾಗಾಯ್ತು. ಅದು ರಕ್ತದಲ್ಲಿದ್ರೆ ಯಂತ್ರಕ್ಕೆ ಕಾಣಲ್ಲ. ನಾನು ನಿನ್ನ ಕೇಳ್ಬೇಕಿತ್ತು, ಕೇಳ್ಲಿಲ್ಲ. ಇವತ್ತು ಅದೇ ರಕ್ತ ಬೇರೆ ಥರ ನೋಡಿದೆ. ಇತ್ತು. ಚೆನ್ನಾಗೇ ಇತ್ತು.'

ಮುಂದಿನದ್ದನ್ನು ಅಕ್ಕ ನಿರೀಕ್ಷಿಸಿರಲಿಲ್ಲ. ಕಿರುಚಾಟಕ್ಕೆ, ಶಾಪಕ್ಕೆ, ಕಪಾಳಕ್ಕೆ ಬೀಳುವ ಏಟಿಗೆ ಸಿದ್ಧಳಾಗಿ ಕೂತಿದ್ದಳು. ತಂಗಿಯ ಮುಖ ಅರಳಿತು. ಐದು ವರ್ಷದಿಂದ ಕಾಣದಂಥ ನಗು ಅದು, ಮುಖದ ತುಂಬ.

'ನಿಂತಿತ್ತಾ? ನಂಗಾ?' ಎಂದು ಎದ್ದು ನಿಂತಳು. 'ರೀ! ರೀ, ಬನ್ನಿ ಇಲ್ಲಿ! ನಮ್ಗೆ ನಿಂತಿತ್ತಂತೆ ರೀ! ಅಕ್ಕ ನೋಡಿದ್ಳಂತೆ!'

ಗಂಡ ಕೈಯಲ್ಲಿ ಗಾಜು ಒರೆಸುವ ಬಟ್ಟೆ ಹಿಡಿದುಕೊಂಡೇ ಓಡಿ ಬಂದ. ಹೆಂಡತಿಯ ಮುಖ ಕಂಡು ಅವನೂ ನಕ್ಕ. ಪಾಪ, ಅವನಿಗೆ ಅರ್ಥವಾಗುವುದು ಸ್ವಲ್ಪ ನಿಧಾನ. 'ಹೌದಾ ಅತ್ತಿಗೆ? ಹಾಗಾದ್ರೆ ಈಗ ಏನು ಮಾಡ್ಬೇಕು? ಆಸ್ಪತ್ರೆಗೆ ಹೊರಡೋಣ್ವಾ?' ಎಂದು ಕೇಳಿದ.

ಅಕ್ಕ ಇಲ್ಲವೆಂದು ತಲೆ ಅಲ್ಲಾಡಿಸಿದಳು. ತಂಗಿಯ ನಗು ಮುಖದ ಮೇಲೆ ಹಾಗೇ ಇತ್ತು, ಕಣ್ಣಿಂದ ಮಾತ್ರ ಇಳಿಯಿತು. ಅವಳು ಕುರ್ಚಿಯಲ್ಲಿ ಮತ್ತೆ ಕೂತಳು.

'ಸೋಮವಾರ ಇತ್ತು' ಎಂದಳು. 'ನೀನ್ ಫೋನ್ ಮಾಡ್ದಾಗ ಇತ್ತು.'

'ಇತ್ತು.'

'ಮಂಗಳವಾರ?'

'ಇತ್ತು ಪುಟ್ಟಿ.'

'ಬುಧವಾರ?'

ಅಕ್ಕ ಹೌದೆಂದು ತಲೆಯಾಡಿಸಿದಳು. ಬುಧವಾರವೂ ಇದ್ದಿರಬೇಕು. ಮಾತ್ರೆ ನಿಂತು ಎರಡು ದಿನ, ಮೂರು ದಿನ ತಡೆದುಕೊಂಡಿರಬೇಕು.

ಗಂಡ ಈಗ ಅರ್ಥವಾಗಿ ಗೋಡೆಗೆ ಒರಗಿದ. ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡ. ತಂಗಿ ಮಾತ್ರ ಅಳಲಿಲ್ಲ. ಎಷ್ಟೋ ದೂರದಲ್ಲಿ ನಡೆದದ್ದನ್ನು ನೆನಪು ಮಾಡಿಕೊಳ್ಳುವವಳ ಹಾಗೆ ನಿಧಾನವಾಗಿ ಹೇಳತೊಡಗಿದಳು.

'ಬುಧವಾರ ಮಧ್ಯಾಹ್ನ ಫೋನಿನ ಅಲಾರಾಂ ಹೊಡೀತು ಅಕ್ಕ. ತೆಗೆಯೋದು ಮರೆತಿದ್ದೆ. ಅಭ್ಯಾಸ ಬಲ, ಎದ್ದು ಹೋಗಿ ಮಾತ್ರೆ ಕೈಗೆ ತೊಗೊಂಡೆ. ನೀರೂ ಬಗ್ಗಿಸ್ಕೊಂಡಿದ್ದೆ. ಬಾಯಿ ಹತ್ರ ತನಕ ಬಂದಿತ್ತು. ಅಷ್ಟರಲ್ಲಿ, ಅಯ್ಯೋ ಅಕ್ಕ ಬೇಡ ಅಂದಿದ್ದಾಳಲ್ಲ, ಅಂತ ನೆನಪಾಯ್ತು. ವಾಪಸ್ ಇಟ್ಬಿಟ್ಟೆ.'

'ಪುಟ್ಟಿ...'

'ಹೊಟ್ಟೆ ಒಂಥರಾ ಆಗ್ತಿತ್ತು ಅವತ್ತು. ಒಳಗಿಂದ ಯಾರೋ ಏನೋ ಕೇಳ್ದಂಗೆ. ತೊಗೊಂಡ್ಬಿಡ್ಲಾ ಅಂತ ಇನ್ನೊಂದ್ಸಲ ಅನ್ನಿಸ್ತು. ನಿನ್ನ ಮಾತು ಮೀರ್ಬಾರ್ದು ಅಂತ ಸುಮ್ನಾದೆ.'

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ಕಹಿ ಔಷಧಿ ನುಂಗಿ, ನುಂಗಿದೆ ನೋಡು ಎಂದು ಬಾಯಿ ತೆರೆದು ತೋರಿಸುತ್ತಿದ್ದಳಲ್ಲ, ಅಷ್ಟೇ ವಿಧೇಯಳಾಗಿ ಹೇಳಿದಳು. ಅಕ್ಕನಿಗೆ ಅದನ್ನು ಕೇಳಲಾಗಲಿಲ್ಲ. ಕುರ್ಚಿಯಿಂದ ಜಾರಿ ತಂಗಿಯ ಮುಂದೆ ಮಂಡಿಯೂರಿ, ಅವಳನ್ನು ತಬ್ಬಿಕೊಳ್ಳಲು ಎರಡೂ ಕೈ ಚಾಚಿದಳು.

ತಂಗಿ ಬೆಚ್ಚಿ ಕುರ್ಚಿಯ ಬೆನ್ನಿಗೆ ಒತ್ತಿಕೊಂಡಳು. ಎರಡೂ ಅಂಗೈಯನ್ನು ತನ್ನ ಕಿಬ್ಬೊಟ್ಟೆಯ ಮೇಲೆ ಅಡ್ಡ ಇಟ್ಟುಕೊಂಡು, ಅಲ್ಲಿ ಇನ್ನೂ ಯಾರೋ ಇದ್ದಾರೆ ಎಂಬಂತೆ, ಅಕ್ಕನ ಕೈ ಅಲ್ಲಿಗೆ ತಾಗದಂತೆ ಮುಚ್ಚಿಕೊಂಡಳು.